ಬೆಳಿಗ್ಗೆ ಒಂದು ಗಂಟೆ ಸಾಕು

ಲಂಡನ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಬೀದಿಯ ಪಾರ್ಕಿಂಗ್ ಜಗಳದ ಮಾತು ಫೋನಿನಲ್ಲಿ ಅರ್ಧಕ್ಕೇ ನಿಂತಿತ್ತು. ಅಪ್ಪ, ನೀವು ಜಯನಗರದ ನಿಮ್ಮ ಸಂಘದಲ್ಲೂ ಇದನ್ನೇ ಎತ್ತುತ್ತೀರಿ ಅಂದಿರಲ್ಲ, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಮನೆ ರೈಲ್ವೆ ಸ್ಟೇಷನ್ನಿಗೆ ಹತ್ತಿರ ಅಂತ ನಿಮಗೆ ಗೊತ್ತು. ಈ ಬೀದಿಯ ಮನೆಗಳನ್ನು ಕಾರುಗಳು ಬರುವ ಮೊದಲೇ ಕಟ್ಟಿದ್ದು. ಗೋಡೆಗೆ ಗೋಡೆ ಅಂಟಿಕೊಂಡಿವೆ, ಗ್ಯಾರೇಜ್ ಇಲ್ಲ. ಎಲ್ಲರ ಕಾರೂ ಬೀದಿಯಲ್ಲೇ. 2022ರಲ್ಲಿ ಎಲಿಜಬೆತ್ ಲೈನ್ ಅನ್ನುವ ಹೊಸ ರೈಲು ಮಾರ್ಗ ಶುರುವಾದ ಮೇಲೆ ದೂರದವರು ಬೆಳಗ್ಗೆಯೇ ಬಂದು ಇಲ್ಲಿ ಕಾರು ನಿಲ್ಲಿಸಿ ರೈಲು ಹತ್ತುತ್ತಾರೆ. ಸಂಜೆವರೆಗೆ ಆ ಕಾರು ಕದಲುವುದಿಲ್ಲ. ಎದುರು ಮನೆಯ ಅಜ್ಜಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಡಲು ಒಬ್ಬ ಹೆಂಗಸು ದಿನಾ ಬರುತ್ತಾರೆ. ಒಂದೊಂದು ಮನೆಗೂ ಅವರಿಗೆ ಸಿಗುವುದು ಸ್ವಲ್ಪವೇ ಹೊತ್ತು. ಅದರಲ್ಲೂ ಅರ್ಧ ಜಾಗ ಹುಡುಕುವುದರಲ್ಲೇ ಹೋಗುತ್ತದೆ. ಆಮೇಲೆ ಅಜ್ಜಿಯ ಕೆಲಸ ಗಡಿಬಿಡಿಯಲ್ಲಿ ಮುಗಿಯುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ.

ಈಗ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ಬೀದಿಯನ್ನೂ ಪರ್ಮಿಟ್ ವಲಯ ಮಾಡುತ್ತೇವೆ ಅಂತ ನೋಟಿಸ್ ಹಚ್ಚಿದೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆವರೆಗೆ. ಆ ಹೊತ್ತಿನಲ್ಲಿ ದುಡ್ಡು ಕಟ್ಟಿ ಪರ್ಮಿಟ್ ತಗೊಂಡವರು ಮಾತ್ರ ಇಲ್ಲಿ ಕಾರು ನಿಲ್ಲಿಸಬಹುದು. ಆಕ್ಷೇಪಣೆ ಬರೆಯಲು ಕಾನೂನಿನ ಪ್ರಕಾರ ಕನಿಷ್ಠ 21 ದಿನ ಕೊಡಬೇಕು.

ಚರ್ಚಿನ ಹಾಲ್‌ನಲ್ಲಿ ಬೀದಿಯವರೆಲ್ಲ ಸೇರಿದ್ದೆವು. ಒಬ್ಬರು ಎದ್ದು, ರಸ್ತೆ ತೆರಿಗೆ ಕಟ್ಟುತ್ತೇವಲ್ಲ, ಮತ್ತೇಕೆ ದುಡ್ಡು ಅಂದರು. ಆ ತೆರಿಗೆ ಹೋಗುವುದು ಕೇಂದ್ರ ಸರ್ಕಾರಕ್ಕೆ, ಕೌನ್ಸಿಲ್ಲಿಗಲ್ಲ. ಪಕ್ಕದ ಬೀದಿಯವರ ಮಾತು ಮಾತ್ರ ನಿಜಕ್ಕೂ ಯೋಚಿಸಬೇಕಾದದ್ದು. ನಿಮ್ಮಲ್ಲಿ ತಡೆದರೆ ಕಾರುಗಳು ನಮ್ಮ ಬಾಗಿಲಿಗೆ ಬರುತ್ತವೆ ಅಂದರು. ಹೌದು, ಹಾಗೇ ಆಗುತ್ತದೆ. ಇಲ್ಲಿ ಒಂದು ಬೀದಿಗೆ ಪರ್ಮಿಟ್ ಬಂದರೆ ಮುಂದಿನ ಬೀದಿಯೂ ಕೇಳುತ್ತದೆ. ಅದಕ್ಕೇ ಸ್ಟೇಷನ್ ಸುತ್ತಲ ಬೀದಿಗಳನ್ನೆಲ್ಲ ಒಟ್ಟಿಗೇ ಸೇರಿಸಬೇಕು ಅಂತ ನಾನು ಹೇಳಿದೆ.

ಆದರೆ ಹತ್ತು ಗಂಟೆ ತಡೆ ಬೇಡವೇ ಬೇಡ. ಹತ್ತರಿಂದ ಹನ್ನೊಂದು, ಒಂದೇ ಗಂಟೆ ಸಾಕು. ಲಂಡನ್ನಿನ ಹೊರಭಾಗದ ಕೆಲವು ಬಡಾವಣೆಗಳಲ್ಲಿ ಇದು ಈಗಾಗಲೇ ಇದೆ. ಆಫೀಸಿಗೆ ಹೋದವನು ಹತ್ತಕ್ಕೆ ವಾಪಸ್ ಬಂದು ಕಾರು ತೆಗೆಯಲು ಆಗುತ್ತದಾ? ಹಾಗಾಗಿ ಇಲ್ಲಿ ನಿಲ್ಲಿಸುವುದೇ ಇಲ್ಲ. ಹನ್ನೊಂದರ ಮೇಲೆ ನೆಂಟರು ಬರಲಿ, ಪ್ಲಂಬರ್ ಬರಲಿ, ಯಾರಿಗೂ ತೊಂದರೆ ಇಲ್ಲ. ಅಜ್ಜಿಯ ಮನೆಗೆ ಬರುವಂಥವರಿಗೆ ಪುಕ್ಕಟೆ ಪರ್ಮಿಟ್ ಕೊಡಬೇಕು. ಇದಿಲ್ಲದೆ ನಾನು ಒಪ್ಪುವುದಿಲ್ಲ.

ದುಡ್ಡಿನ ವಿಷಯದಲ್ಲಿ ಜನರಿಗೆ ಅನುಮಾನ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಉತ್ತರ ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ವರ್ಷದ ಪರ್ಮಿಟ್ಟನ್ನು 40 ಪೌಂಡಿನಿಂದ 100ಕ್ಕೆ ಏರಿಸಿತ್ತು. ಮನೆಗೆ ಬಂದ ನೆಂಟರು ಕಾರು ನಿಲ್ಲಿಸಲು ಕೊಡುವ ಚೀಟಿ 1 ಪೌಂಡಿನಿಂದ 4 ಪೌಂಡಾಯಿತು. ಅಲ್ಲಿನ ನಿವಾಸಿಯೊಬ್ಬರು ಕೋರ್ಟಿಗೆ ಹೋದರು. ಬೇರೆ ಖರ್ಚಿಗೆ ದುಡ್ಡು ಎತ್ತಲು ಪಾರ್ಕಿಂಗ್ ಶುಲ್ಕ ಏರಿಸುವಂತಿಲ್ಲ ಅಂತ 2013ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ನನ್ನ ಆಕ್ಷೇಪಣೆಯಲ್ಲಿ ಇದನ್ನೂ ಬರೆದು, ಖರ್ಚಿನ ಲೆಕ್ಕ ಕೇಳಿದ್ದೇನೆ.

ಅಪ್ಪ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಪರ್ಮಿಟ್ ತಗೊಂಡರೂ ನಮ್ಮ ಮನೆ ಮುಂದಿನ ಜಾಗ ನಮ್ಮದಾಗುವುದಿಲ್ಲ. ವಲಯದಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ. ನೀವು ಗೇಟಿನ ಪಕ್ಕ ಇಟ್ಟಿರುವ ಕಲ್ಲು, ಹೂಕುಂಡ ತೆಗೆಸಿಬಿಡಿ. ರಸ್ತೆ ನಮ್ಮದಲ್ಲ ಅಲ್ವಾ? ಗೇಟಿಗೆ ಅಡ್ಡ ನಿಲ್ಲಿಸಿದರೆ ಕೇಳುವ ಹಕ್ಕು ನಿಮಗಿದೆ, ಪಕ್ಕದಲ್ಲಿ ನಿಲ್ಲಿಸಿದರೆ ಇಲ್ಲ. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ಜಯನಗರಕ್ಕೆ ಬಂದ ಮೇಲೆ ನಿಮ್ಮ ಕ್ರಾಸಿನಲ್ಲೂ ಬೈಕು, ಕಾರು ತುಂಬಿವೆ ಅಂತ ಗೊತ್ತು. ಆದರೆ ಕಲ್ಲಿಟ್ಟರೆ ಅವು ಫುಟ್‌ಪಾತ್ ಹತ್ತುತ್ತವೆ. ಆಮೇಲೆ ಅಮ್ಮ ಮಂಡಿ ನೋವಿನಲ್ಲಿ ರಸ್ತೆಗಿಳಿದು ನಡೆಯಬೇಕು.

ಬೆಂಗಳೂರಿಗೂ ಇಂಥ ಯೋಜನೆ ಕಾಗದದ ಮೇಲಿದೆ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಬಡಾವಣೆಯವರಿಗೆ ವರ್ಷದ ಪರ್ಮಿಟ್ ಇದೆ. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ಸಭೆಯಲ್ಲಿ ಸುಮ್ನೆ ಮೆಟ್ರೋ ಪ್ರಯಾಣಿಕರನ್ನು ಬೈಯುವ ಬದಲು ಇದನ್ನು ಮುಂದಿಡಿ. ಬೆಳಗಿನ ಒಂದು ಗಂಟೆಯ ತಡೆ ನಿಮ್ಮ ಕ್ರಾಸಿಗೂ ಹೊಂದುತ್ತದೆ. ಬಾಡಿಗೆಯವರನ್ನೂ ಸಭೆಗೆ ಕರೆಯಿರಿ. ಅವರ ಸ್ಕೂಟರೂ ಬೀದಿಯಲ್ಲೇ ನಿಲ್ಲುತ್ತದೆ, ಅವರ ಮಾತೂ ಲೆಕ್ಕಕ್ಕೆ ಬರಬೇಕು.

ನನ್ನ ಆಕ್ಷೇಪಣೆಯ ಪತ್ರವನ್ನು ನಾಳೆ ಕಳಿಸುತ್ತೇನೆ. ಅದರ ಪ್ರತಿ ನಿಮಗೂ ಕಳಿಸಲಾ? ನಿಮ್ಮ ಸಭೆಯಲ್ಲಿ ಯಾರು ಏನಂದರು ಅಂತ ತಪ್ಪದೆ ಬರೆಯಿರಿ. ಅಮ್ಮನ ಫಿಸಿಯೋಥೆರಪಿ ಬಿಡಿಸಬೇಡಿ.

ಇತಿ ನಿಮ್ಮ ಪ್ರೀತಿಯ
ಮಗಳು