ಟಾರ್ಪಾಲಿಗೊಂದು ಪತ್ರ: 193 ನಿಮಿಷ ಮತ್ತು ಹತ್ತು ಸೆಂಟು

ಪ್ರೀತಿಯ ಟಾರ್ಪಾಲು,

ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ಈ ಮಳೆ ಸದ್ದಿನಲ್ಲಿ ನನಗೆ ಕೇಳುವುದಿಲ್ಲ. ಅದಕ್ಕೇ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಓದುವವರು ಓದಲಿ. ಶನಿವಾರಸಂತೆಯ ಕೋಳಿ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಸೋಮವಾರಪೇಟೆ ಕಡೆ ಆಶ್ಲೇಷ ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ. ತೋಟದ ಸಿಲ್ವರ್ ಮರವೊಂದು ಲೈನಿನ ಮೇಲೆ ಮಲಗಿ ಎರಡು ದಿನ ಕರೆಂಟಿರಲಿಲ್ಲ. ನಿನ್ನೆ ಸಂಜೆ ಬಂತು. ಬಂದದ್ದು ಯಾವಾಗ ಹೋಗುತ್ತದೋ ಅಂತ ನನ್ನ ಹೆಂಡತಿ ಮೊದಲು ಮೋಟರ್ ಹಾಕಿದಳು, ಆಮೇಲೆ ಮಿಕ್ಸಿ, ಆಮೇಲೆ ಟಿವಿ. 'ಕಭಿ ಅಲ್ವಿದಾ ನಾ ಕೆಹನಾ' ಸಿಕ್ಕಿತು. "ಇದನ್ನ ನಾನು ನೋಡೇ ಇಲ್ಲ" ಅಂದಳು.

2006ರ ಆಗಸ್ಟ್ ನೆನಪಿದೆಯಾ? ಸಿನಿಮಾ ಬಂದದ್ದು 11ಕ್ಕೆ. ಮುಂದಿನ ವಾರ ಗೊಬ್ಬರ ತರುತ್ತೇವೆ ಅಂತ ಮನೆಯಲ್ಲಿ ಹೇಳಿ ನನ್ನನ್ನು ಮೈಸೂರಿಗೆ ಎಳೆದುಕೊಂಡು ಹೋದವನು ನೀನು. ಇಂಟರ್ವಲ್‌ಗೆ ಮೊದಲೇ ಗೊರಕೆ ಹೊಡೆದವನೂ ನೀನೇ. 193 ನಿಮಿಷ ಪೂರ್ತಿ ನೋಡಿದವನು ನಾನು. ಟಿಕೆಟ್ ದುಡ್ಡು ಇವತ್ತಿಗೂ ಬಂದಿಲ್ಲ.

ನೀನು ನಿದ್ದೆಯಲ್ಲಿ ಕಳೆದುಕೊಂಡದ್ದು ಇಷ್ಟು. ನ್ಯೂಯಾರ್ಕ್. ಶಾರುಖ್ ಖಾನ್ ಫುಟ್‌ಬಾಲ್ ಆಟಗಾರ. ಅಪಘಾತದಲ್ಲಿ ಕಾಲು ಕುಂಟಾಗುತ್ತದೆ, ಆಟ ಹೋಗುತ್ತದೆ, ಸಿಡುಕು ಮಾತ್ರ ಉಳಿಯುತ್ತದೆ. ಹೆಂಡತಿ ಪ್ರೀತಿ ಜಿಂಟಾ ಪತ್ರಿಕೆಯೊಂದರಲ್ಲಿ ಮೇಲೆ ಮೇಲೆ ಹೋಗುತ್ತಾಳೆ, ಇವನಿಗೆ ಅದೂ ಚುಚ್ಚುತ್ತದೆ. ಆ ಕಡೆ ರಾಣಿ ಮುಖರ್ಜಿ, ಅಂದರೆ ಮಾಯಾ. ಗಂಡ ಅಭಿಷೇಕ್ ಒಳ್ಳೆಯವನು. ಆ ಒಳ್ಳೆಯತನವೇ ಅವಳಿಗೆ ಭಾರ. ಇವರಿಬ್ಬರೂ ಒಬ್ಬರ ಸಂಸಾರ ಇನ್ನೊಬ್ಬರು ಸರಿಮಾಡೋಣ ಅಂತ ಭೇಟಿಯಾಗುತ್ತಾರೆ. ಗುರುತಿದೆಯಲ್ಲ ಈ ಜಾತಿ ರಿಪೇರಿ? ನಿನ್ನ ಜೀಪಿನ ಕಥೆ.

ಕರಣ್ ಜೋಹರ್‌ಗೆ ಧೈರ್ಯ ಇತ್ತು, ಒಪ್ಪುತ್ತೇನೆ. ಮದುವೆ ಅಂದರೆ ಮೆಹಂದಿ, ಕುಣಿತ ಅಂತ ತೋರಿಸುತ್ತಿದ್ದವರು ಮದುವೆ ಮುರಿಯುವುದನ್ನು ತೋರಿಸಲು ಹೊರಟರು. ಆದರೆ ಅರ್ಧ ದಾರಿಯಲ್ಲಿ ಕೈ ನಡುಗಿತು. ಸಂಬಂಧ ಗೊತ್ತಾದ ಮಾವ ಅಮಿತಾಭ್, ಸಾಯುವ ಮುಂಚೆ ಮಗನನ್ನು ಬಿಟ್ಟುಬಿಡು ಅಂತ ಸೊಸೆಗೇ ಹೇಳುತ್ತಾರೆ. ಹಿರಿಯರ ಪರ್ಮಿಷನ್ ಸಿಕ್ಕಿತು! ಗುಟ್ಟು ಹೊರಬಿದ್ದು ಎರಡೂ ಮನೆ ಮುರಿದ ಮೇಲೆ, ನನ್ನ ಮನೆಯಲ್ಲಿ ಕ್ಷಮಿಸಿದರು ಅಂತ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿ ಮೂರು ವರ್ಷ ಒಂಟಿಯಾಗಿ ಕೊರಗುತ್ತಾರೆ. ಬಿಟ್ಟ ಗಂಡನಿಗೆ ಇನ್ನೊಂದು ಮದುವೆ ಆದ ಮೇಲಷ್ಟೇ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇವರು ಒಂದಾಗುವುದು. ಯಾರಿಗೂ ನಷ್ಟವಿಲ್ಲ. ತೋಟ ಮಾರಿದ ಮೇಲೂ ಫಸಲು ನನಗೇ ಅಂದ ಹಾಗೆ. 'ಮಿತ್ವಾ' ಹಾಡು ಮಾತ್ರ ಇವತ್ತಿಗೂ ಚೆನ್ನಾಗಿದೆ. ಅದನ್ನು ಬೈಯುವುದಿಲ್ಲ.

ನಮ್ಮ ಕೊಡಗಿನವರೇ ಆದ ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲೇ ಸಿನಿಮಾ ಮಾಡಿದ್ದರು. ಜಯಂತಿಯ ಮುಖದಲ್ಲಿ, ಗಂಡನಿದ್ದೂ ಇನ್ನೊಬ್ಬನ ಕಡೆ ವಾಲುವ ಆ ಹೆಂಗಸಿನ ಆಸೆಯೂ ಕಾಣುತ್ತಿತ್ತು, ಭಯವೂ ಕಾಣುತ್ತಿತ್ತು. ಇಲ್ಲಿ ಮಾಯಾ ಮುಖದಲ್ಲಿ ಬರೀ ಕಣ್ಣೀರು.

ಆದರೆ ಈ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಮಾಯಾ ಅಪ್ಪ ಅಮ್ಮ ಇಲ್ಲದವಳು. ಸಾಕಿದವರು ಅಮಿತಾಭ್. ಅವರ ಮಗನನ್ನೇ ಮದುವೆಯಾಗುತ್ತಾಳೆ. ಸಾಕಿದ ಮನೆಗೆ ಹೇಗೆ ಬೇಡ ಅನ್ನುವುದು? ಕಥೆ ಇದ್ದದ್ದೇ ಅಲ್ಲಿ. ನನಗೆ ನಿನ್ನ ಮದುವೆ ನೆನಪಾಯಿತು. ಕೊಡವ ಮದುವೆಯ ಶಾಸ್ತ್ರದಂತೆ ಹನ್ನೆರಡು ಕಲ್ಲಿನಲ್ಲಿ ಹನ್ನೊಂದನ್ನು ನಿಮ್ಮ ಕಡೆಯ ಅರುವನಿಗೆ, ಅಂದರೆ ಮನೆತನದ ಪರ ಮಾತಾಡುವ ಹಿರಿಯನಿಗೆ, ಎಣಿಸಿಕೊಟ್ಟು, ಒಂದನ್ನು ಹೆಣ್ಣಿನ ಕಡೆಯವರು ತಮ್ಮಲ್ಲೇ ಇಟ್ಟುಕೊಂಡರು. ಯಾಕೆ ಅಂತ ಪಕ್ಕದಲ್ಲಿದ್ದ ಅಜ್ಜನನ್ನು ಕೇಳಿದೆ. "ನಾಳೆ ಅವಳಿಗೆ ಅಲ್ಲಿ ಆಗದಿದ್ದರೆ ವಾಪಸ್ ಬರಬೇಕಲ್ಲ ಮಗಾ" ಅಂದರು, ಊಟದ ಸಾಲು ಎಲ್ಲಿಯವರೆಗೆ ಬಂತು ಅಂತ ನೋಡುತ್ತಾ. ಮಾಯಾಗೆ ಆ ಒಂದು ಕಲ್ಲು ಇರಲಿಲ್ಲ ಮಾರಾಯ. ಸಿನಿಮಾ ಅದನ್ನು ಹಿಡಿದಿದ್ದರೆ ಮೂರು ಗಂಟೆ ಕೂತದ್ದಕ್ಕೂ ಸಾರ್ಥಕ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು.

ಅವರಿಬ್ಬರೂ ಹೋಟೆಲ್ ರೂಮಿಗೆ ಹೋಗುವ ಹೊತ್ತಿಗೆ ಸರಿಯಾಗಿ ನನ್ನ ಫೋನ್ ಕುಯ್ಯಂದಿತು. ಮಂಚದ ಮೇಲೆ ನಮ್ಮಿಬ್ಬರ ಮಧ್ಯೆ, ಹಲಸಿನ ಹಪ್ಪಳದ ತಟ್ಟೆ ಪಕ್ಕದಲ್ಲಿ ಬಿದ್ದಿತ್ತು. "ಇಲ್ಲಿ ಸಂಜೆಯಿಂದಲೇ ಒಂದೂವರೆ. ಅಲ್ಲಿ?" ಅಂತ ಮೆಸೇಜು. ನಾನು ಫೋನನ್ನು ಬೋರಲು ಹಾಕಿದೆ.

"ಯಾರದ್ದು?"

"ಮೇಸ್ತ್ರಿದು."

ಮಳೆ ಲೆಕ್ಕದ ಮೆಸೇಜನ್ನು ಬೋರಲು ಹಾಕುವವನು ಯಾರು ಹೇಳು?

ಯಾರದ್ದು ಅಂತ ನಿನಗೆ ಗೊತ್ತಾಗುತ್ತದೆ. ಕಾಲೇಜಿನಲ್ಲಿ ನಮ್ಮಿಬ್ಬರ ನೋಟ್ಸ್ ಬರೆದುಕೊಟ್ಟವಳು. ಈಗ ಪೊನ್ನಂಪೇಟೆ ಕಡೆ ತೋಟ ನೋಡಿಕೊಂಡಿದ್ದಾಳೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದವಲ್ಲ, ಆಗ ಎಲ್ಲರೂ ಎಲ್ಲರಿಗೂ ಸೇಫಾ ಅಂತ ಕೇಳುತ್ತಿದ್ದ ಹಾಗೆ ಅವಳೂ ಕೇಳಿದಳು. ಆಮೇಲೆ ಎಷ್ಟು ಇಂಚು ಅಂತ ಕೇಳಿದಳು. ಅಲ್ಲಿಂದ ಪ್ರತಿ ಮಳೆಗಾಲ ಇದೇ. ಬೆಳಿಗ್ಗೆ ರೈನ್ ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಬಗ್ಗಿ ನೋಡಿ, ಡೈರಿಗೆ ಬರೆಯುವ ಮುಂಚೆ ಅವಳಿಗೆ ಕಳಿಸುತ್ತೇನೆ. ಮೂರು ನಲವತ್ತು, ಅಂದರೆ ಮೂರು ಇಂಚು ನಲವತ್ತು ಸೆಂಟು; ಇಂಚಿನ ನೂರರಲ್ಲೊಂದು ಪಾಲು ಸೆಂಟು. ಎರಡು ಹದಿನೈದು. ಅಷ್ಟೇ. ಗುಡ್ ಮಾರ್ನಿಂಗ್ ಕೂಡ ಇಲ್ಲ. ಮಳೆಗಾಲ ಮುಗಿದರೆ ಮೆಸೇಜೂ ಮುಗಿಯಿತು. ಒಂದು ಸಲ ಮಾತ್ರ, ಸುಮ್ನೆ, "ಹೀಗೇ ಹುಯ್ದರೆ ಒಂಥರಾ ಬೇಜಾರು" ಅಂತ ಬರೆದೆ. "ನನಗೂ" ಅಂತ ಬಂತು. ಉಳಿದದ್ದೆಲ್ಲ ಅಳಿಸಿದ್ದೇನೆ. ಅದನ್ನು ಅಳಿಸಿಲ್ಲ.

ಹೆಂಡತಿ ಸಂಜೆ ಒಲೆ ಮುಂದೆ ಕೂತಾಗ "ಇವತ್ತು ಎಷ್ಟು ಬಿತ್ತು?" ಅಂತ ಕೇಳುತ್ತಾಳೆ. ಅಷ್ಟು ಹೊತ್ತಿಗೆ ನನ್ನಲ್ಲಿ ಆ ಸಂಖ್ಯೆ ಹಳೆಯದಾಗಿರುತ್ತದೆ. ಡೈರಿ ನೋಡು ಅನ್ನುತ್ತೇನೆ. ಎಷ್ಟೋ ವರ್ಷದಿಂದ ಹೀಗೇ ಅಂದಿದ್ದೇನೆ. ನಿನ್ನೆ ಆ ದರಿದ್ರ ಸಿನಿಮಾ ನೋಡುತ್ತಾ ಅದು ಗೊತ್ತಾಯಿತು. ಶಾರುಖ್ ಹೆಂಡತಿಗೆ ಉತ್ತರ ಕೊಡುವ ಧಾಟಿ ಕೇಳಿದೆ. ನನ್ನದೇ ಧಾಟಿ. ಅವನಿಗೆ ಕಾಲು ಮುರಿದ ನೆಪವಾದರೂ ಇತ್ತು.

ಸಾಕು. ಜಾಸ್ತಿಯಾಯಿತು. ನೀನು ಈಗ ಲಾಯರ್ ಹತ್ತಿರ ಓಡಬೇಡ. ವ್ಯಭಿಚಾರಕ್ಕೆ ಜೈಲು ಹಾಕುತ್ತಿದ್ದ 497ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟು ಅದೇ 2018ರ ಸೆಪ್ಟೆಂಬರ್ 27ಕ್ಕೆ ತೆಗೆದುಹಾಕಿದೆ. ಅದು ಇದ್ದ ಕಾಲದಲ್ಲೂ ಇಂಚು ಸೆಂಟು ಕಳಿಸಿದವನಿಗೆ ಜೈಲಿರಲಿಲ್ಲ. ಹೇಗೂ ಬಾಯಿ ಬಿಟ್ಟಿದ್ದೇನೆ, ಪೂರ್ತಿ ಹೇಳಿಬಿಡುತ್ತೇನೆ: ಪೊನ್ನಂಪೇಟೆ ಕಡೆಗಿಂತ ನಮಗೆ ಕಮ್ಮಿ ಬಿದ್ದ ದಿನ ಹತ್ತು ಸೆಂಟು ಸೇರಿಸಿ ಕಳಿಸಿದ್ದೇನೆ. ಒಮ್ಮೆ ಇಪ್ಪತ್ತು. ನನ್ನ ಕೈಲಾದ ದ್ರೋಹ ಇಷ್ಟೇ.

ಇವತ್ತು ಬೆಳಿಗ್ಗೆ ಗ್ಲಾಸ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ "ಎರಡು ಎಂಬತ್ತು" ಅಂದೆ. "ಹಾಲು ಉಕ್ಕುತ್ತೆ, ನೋಡಿ" ಅಂದಳು. ನೋಡಿದೆ. ಉಕ್ಕಿತು.

ಪೋಸ್ಟ್ ಹಾಕುವ ಮುಂಚೆ ಇದನ್ನು ಅವಳಿಗೇ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದಳು. ಎಲ್ಲಿಯೂ ನಿಲ್ಲಲಿಲ್ಲ. ಕೊನೆಯ ಹತ್ತಿರ ಬಂದು ತಲೆ ಎತ್ತಿದಳು.

"ಆ ಹತ್ತು ಸೆಂಟನ್ನ ಡೈರಿಗೂ ಸೇರಿಸಿದ್ದೀರಾ?"

ಇಲ್ಲ ಅಂದೆ. ಫೋನ್ ವಾಪಸ್ ಕೊಟ್ಟು ಒಲೆ ಮೇಲೆ ಒಣಗಲು ಹಾಕಿದ್ದ ಬಟ್ಟೆ ತಿರುವಿಹಾಕಲು ಹೋದಳು. ಬೇರೇನೂ ಕೇಳಲಿಲ್ಲ.

ನಿನ್ನ ಕಡೆ ಎಷ್ಟು ಬಿತ್ತು? ಟಿಕೆಟ್ ದುಡ್ಡು ಕಳಿಸು.

ಇಂತಿ,
ನಿನ್ನ ಗೊಬ್ಬರ ಪಾರ್ಟ್ನರ್