ಪ್ರತಿಕೃತಿ ಕಾರಿಗೆ ಬಾಡಿಯೊಂದೇ ಮಾನದಂಡವಲ್ಲ

ಸಂಪಾದಕರಿಗೆ,

ಮಾನ್ಯರೆ,

ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳ ಪ್ರತಿಕೃತಿಯನ್ನು ಬಿಡಿಭಾಗಗಳ ಕಿಟ್ ತರಿಸಿಕೊಂಡು ಮನೆಯಲ್ಲೇ ಜೋಡಿಸುವವರ ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದಲ್ಲಿ ಇಂಥ ವಿಷಯದ ಬರಹ ಅಪರೂಪವಾದ್ದರಿಂದ ಲೇಖಕರು ಅಭಿನಂದನಾರ್ಹರು. ಆದರೆ ಲೇಖನ ಮೊದಲಿನಿಂದ ಕೊನೆಯವರೆಗೂ ಒಂದೇ ಅಳತೆಗೋಲು ಹಿಡಿದು ಸಾಗಿದೆ: ಸಿದ್ಧವಾದ ಕಾರು ಮೂಲ ಕಾರನ್ನು ಎಷ್ಟರಮಟ್ಟಿಗೆ ಹೋಲುತ್ತದೆ ಎಂಬುದು. ದೀಪಗಳ ಆಕಾರ, ಚಕ್ರದ ಕಡ್ಡಿಗಳು, ಬಾನೆಟ್ಟಿನ ಮೇಲಿನ ಬಿಳಿ ಪಟ್ಟೆಗಳ ಬಗ್ಗೆ ಧಾರಾಳ ವಿವರವಿದೆ. ಬ್ರೇಕಿನ ಬಗ್ಗೆ ಒಂದು ವಾಕ್ಯವೂ ಇಲ್ಲ. ಸ್ಪ್ಯಾನರ್ ಹಿಡಿಯಬಲ್ಲ ಯಾರಾದರೂ ಬಿಡುವಿನ ವೇಳೆಯಲ್ಲಿ ಸಲೀಸಾಗಿ ಮುಗಿಸಬಹುದಾದ ಕೆಲಸವಿದು ಎಂಬ ಭಾವನೆ ಓದುಗರಲ್ಲಿ ಮೂಡುವಂತಿದೆ. ಇಂಥ ಜೋಡಣೆಯಲ್ಲಿ ಸಾಕಷ್ಟು ಕೈ ಮಸಿ ಮಾಡಿಕೊಂಡಿರುವ ನನಗೆ ಆ ಅಳತೆಗೋಲನ್ನೇ ಒಪ್ಪಲಾಗದು. ಮನೆಯಲ್ಲಿ ಕಟ್ಟಿದ ಕಾರಿನ ಯೋಗ್ಯತೆ ತಿಳಿಯಬೇಕಾದರೆ ಬಾಡಿಯನ್ನು ಎತ್ತಿ ಅದರ ಕೆಳಗೆ ಏನಿದೆ ಎಂದು ನೋಡಬೇಕು.

ಲೇಖಕರೇ ಉದಾಹರಿಸಿರುವ ಎ.ಸಿ. ಕೋಬ್ರಾವನ್ನು ತೆಗೆದುಕೊಳ್ಳೋಣ. ಅಮೆರಿಕದ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ 1961ರಲ್ಲಿ ಇಂಗ್ಲೆಂಡಿನ ಎ.ಸಿ. ಕಾರ್ಸ್ ಕಂಪನಿಗೆ ಪತ್ರ ಬರೆದು, ಅವರ ಏಸ್ ಎಂಬ ಹಗುರ ಕಾರಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸುವ ಸಲಹೆ ಕೊಟ್ಟರು. ಎಂಜಿನ್ನನ್ನು ಫೋರ್ಡ್ ಕಂಪನಿ ಒದಗಿಸಿತು. 1962ರಲ್ಲಿ ಕಾರು ಹೊರಬಂತು. ಚಾಸಿ (ಕಾರಿನ ಭಾರ ಹೊರುವ ತಳದ ಚೌಕಟ್ಟು) ಮತ್ತು ಅಲ್ಯೂಮಿನಿಯಂ ಬಾಡಿ ಒಂದು ದೇಶದ್ದು, ಎಂಜಿನ್ ಇನ್ನೊಂದು ದೇಶದ್ದು. ಹಾಗೆ ನೋಡಿದರೆ ಮೂಲ ಕೋಬ್ರಾವೂ ಒಂದು ಜೋಡಣೆಯೇ. ನನ್ನ ವಾದಕ್ಕೆ ಹೆಚ್ಚು ಪ್ರಸ್ತುತವಾದದ್ದು ಅದರ ಮುಂದಿನ ಕಥೆ. 1965ರಲ್ಲಿ ಅದೇ ಕಾರಿಗೆ 7 ಲೀಟರಿನ ದೊಡ್ಡ ಎಂಜಿನ್ ಕೂರಿಸುವಾಗ ಹಳೆಯ ಚಾಸಿ ಆ ಶಕ್ತಿಯನ್ನು ತಾಳುವಂತಿರಲಿಲ್ಲವಾದ್ದರಿಂದ, 3 ಅಂಗುಲ ವ್ಯಾಸದ ಮುಖ್ಯ ಕೊಳವೆಗಳ ಜಾಗದಲ್ಲಿ 4 ಅಂಗುಲದವು ಬಂದವು, ಪಟ್ಟಿ ಸ್ಪ್ರಿಂಗ್‌ಗಳನ್ನು ತೆಗೆದು ಸುರುಳಿ ಸ್ಪ್ರಿಂಗ್ ಅಳವಡಿಸಲಾಯಿತು, ಅಗಲವಾದ ಟೈರುಗಳಿಗೆ ಎಡೆ ಮಾಡಿಕೊಡಲು ಮಡ್‌ಗಾರ್ಡ್‌ಗಳು ಉಬ್ಬಿದವು. ಇಂದು ಕಿಟ್ ಕಂಪನಿಗಳು ಫೈಬರ್ ಗ್ಲಾಸಿನಲ್ಲಿ ಅಚ್ಚು ತೆಗೆಯುತ್ತಿರುವುದು, ಲೇಖಕರು ಮನಸೋತು ಬಣ್ಣಿಸಿರುವುದು ಆ ಉಬ್ಬುಗಳನ್ನೇ. ಒಳಗಿನ ಅಗತ್ಯಕ್ಕಾಗಿ ಹುಟ್ಟಿದ ಆಕಾರವನ್ನು ಮಾತ್ರ ನಕಲು ಮಾಡಿ, ಆ ಅಗತ್ಯವನ್ನೇ ಮರೆತರೆ ಕೈಗೆ ಬರುವುದು ಪ್ರದರ್ಶನದ ಗೊಂಬೆ.

ಲೋಟಸ್ ಸೆವೆನ್ ಕಾರಿನ ಸಂಗತಿ ಬೇರೆ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಈ ಕಾರನ್ನು ಬಿಡಿಭಾಗಗಳಾಗಿ ಕೊಂಡರೆ ಬ್ರಿಟನ್ನಿನ ಅಂದಿನ ಖರೀದಿ ತೆರಿಗೆ ಉಳಿಯುತ್ತಿದ್ದುದರಿಂದ ಗ್ರಾಹಕರು ಅದನ್ನು ಮನೆಗೆ ಒಯ್ದು ಜೋಡಿಸಿಕೊಳ್ಳುತ್ತಿದ್ದರು. 1973ರಲ್ಲಿ ಆ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದ ಮೇಲೆ ಈ ಲಾಭ ಇಲ್ಲವಾಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು, ಆದರೂ ಮನೆಯಲ್ಲಿ ಜೋಡಿಸುವ ಪದ್ಧತಿ ನಿಲ್ಲಲಿಲ್ಲ. ಅಲ್ಲಿ ಚಾಸಿ, ಸಸ್ಪೆನ್ಷನ್, ಎಂಜಿನ್ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಕಾರ್ಖಾನೆಯಲ್ಲೇ ಲೆಕ್ಕ ಹಾಕಿದಂಥವು. ಯಾವುದೋ ಹಳೆಯ ಕಾರನ್ನು ಬಿಚ್ಚಿ, ಅದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಇನ್ನಾವುದೋ ಚಾಸಿಗೆ ಕೂರಿಸುವ ಕಿಟ್‌ಗಳಲ್ಲಿ ಆ ಲೆಕ್ಕದ ಬಹುಪಾಲು ಕಟ್ಟುವವನ ತಲೆಯ ಮೇಲೆ ಬೀಳುತ್ತದೆ. 1950ರ ದಶಕದ ಪೋರ್ಷೆ 356 ಸ್ಪೀಡ್‌ಸ್ಟರ್ ಪ್ರತಿಕೃತಿಗಳನ್ನೇ ನೋಡಿ: ಅವುಗಳಲ್ಲಿ ಬಹಳಷ್ಟರ ತಳ ಫೋಕ್ಸ್‌ವ್ಯಾಗನ್ ಬೀಟಲ್‌ನದು. ಬೀಟಲ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2400 ಮಿಲಿಮೀಟರ್, ಪೋರ್ಷೆಯದು 2100. ಆದ್ದರಿಂದ ಬೀಟಲ್‌ನ ತಳವನ್ನು ನಡುವೆ ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ವೆಲ್ಡಿಂಗ್ ಮಾಡಬೇಕಾಗುತ್ತದೆ. ಕಾರಿನಲ್ಲಿ ಕೂತವರ ಜೀವ ಆ ವೆಲ್ಡಿಂಗ್ ಗೆರೆಯ ಮೇಲೆ ನಿಂತಿರುತ್ತದೆ. ಬಾಡಿ ಕೂರಿಸಿ, ಕಾರ್ಪೆಟ್ ಹಾಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬ್ರೇಕಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಇಂಥ ಕಾರುಗಳಲ್ಲಿ ಬ್ರೇಕ್ ಪೈಪುಗಳನ್ನು ಅಳೆದು, ಕತ್ತರಿಸಿ, ಬಗ್ಗಿಸಿ, ತುದಿಯನ್ನು ವಿಶೇಷ ಉಪಕರಣದಿಂದ ಅರಳಿಸಿ ಜೋಡಿಸುವ ಕೆಲಸ ಬಹುತೇಕ ಕಟ್ಟುವವನದೇ. ಅರಳಿಸಿದ ತುದಿ ಕೂದಲೆಳೆಯಷ್ಟು ಓರೆಯಾದರೂ ಜೋಡಣೆ ಸೋರುತ್ತದೆ. ಬ್ರೇಕ್ ಆಯಿಲ್ ತುಂಬಿಸಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಹಾಕಿದ ಮೇಲೆ, ಪೆಡಲನ್ನು ಒಂದು ಕೋಲಿನಿಂದ ಒತ್ತಿ ನಿಲ್ಲಿಸಿ, ಪ್ರತಿಯೊಂದು ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ ರಾತ್ರಿಯಿಡೀ ಹಾಗೇ ಬಿಡುವುದು ಒಳ್ಳೆಯ ಕ್ರಮ. ಕಣ್ಣಿಗೆ ಕಾಣದ ಸೋರಿಕೆಯನ್ನೂ ಬೆಳಗಾಗುವಷ್ಟರಲ್ಲಿ ಆ ಕಾಗದ ತೋರಿಸಿಕೊಡುತ್ತದೆ. ಚಕ್ರದ ಬಳಿಯ ರಬ್ಬರ್ ಹೋಸನ್ನು ಕಾರು ನೇರವಾಗಿ ನಿಂತಿರುವಾಗ ನೋಡಿದರೆ ಸಾಲದು: ಜಾಕ್ ಕೊಟ್ಟು ಚಕ್ರವನ್ನು ಪೂರ್ತಿ ಜೋತುಬಿಟ್ಟು, ಸ್ಟೀರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ, ಹೋಸು ಎಲ್ಲಿಯೂ ಬಿಗಿಯುವುದಿಲ್ಲ, ಟೈರಿಗೆ ಉಜ್ಜುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಾರು ತೀರಾ ಹಗುರವಾಗಿದ್ದು, ಬ್ರೇಕುಗಳು ಮಾತ್ರ ಭಾರದ ಕಾರಿನಿಂದ ಬಂದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಒತ್ತಡ ಹಂಚಿಕೆ ಏರುಪೇರಾಗುತ್ತದೆ. ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ಗಿರ್ರನೆ ತಿರುಗಿ ನಿಲ್ಲುವುದು ಖಂಡಿತ. ಬಿಳಿ ಪಟ್ಟೆಗಳ ಅಗಲ ಆಗ ಯಾವ ಸಹಾಯಕ್ಕೂ ಬಾರದು.

ವೈರಿಂಗ್‌ನದು ಇನ್ನೊಂದು ಬಗೆಯ ತೊಡಕು. ಸಾಮಾನ್ಯ ಕಾರಿನ ಉಕ್ಕಿನ ಬಾಡಿಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯಾಗಿರುತ್ತದೆ. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ತು ಹರಿಯದ ಕಾರಣ ಪ್ರತಿ ದೀಪಕ್ಕೂ ಪ್ರತ್ಯೇಕವಾಗಿ ಅರ್ತ್ ವೈರ್ ಎಳೆದು ಚಾಸಿಗೆ, ಅದೂ ಬಣ್ಣ ಕೆರೆದ ಬರಿಯ ಲೋಹಕ್ಕೆ, ಬಿಗಿಯಬೇಕು. ಇಂಡಿಕೇಟರ್ ಹಾಕಿದಾಗ ಅದರೊಂದಿಗೆ ಬ್ರೇಕ್ ದೀಪವೂ ಮಂದವಾಗಿ ಮಿನುಗತೊಡಗಿದರೆ, ಎಲ್ಲೋ ಅರ್ತ್ ಸರಿಯಿಲ್ಲವೆಂದೇ ತಿಳಿಯಬೇಕು. ಅಲ್ಯೂಮಿನಿಯಂ ಹಲಗೆಯ ರಂಧ್ರದ ಮೂಲಕ ವೈರು ಹಾಯುವ ಕಡೆಗಳಲ್ಲಿ ರಬ್ಬರ್ ಬಳೆ ಹಾಕದೆ ಬಿಟ್ಟರೆ, ಕಾರಿನ ನಡುಕಕ್ಕೆ ಆ ಅಂಚು ವೈರಿನ ಹೊದಿಕೆಯನ್ನು ನಿಧಾನವಾಗಿ ಕೊಯ್ಯುತ್ತದೆ. ಹತ್ತಿರದಲ್ಲೇ ಪೆಟ್ರೋಲ್ ಪೈಪ್, ಮೇಲೆ ಹೊತ್ತಿ ಉರಿಯಬಲ್ಲ ಬಾಡಿ, ಹೆಚ್ಚು ಹೇಳಬೇಕಾಗಿಲ್ಲ.

ಬಾಡಿಯ ಕೆಲಸ ಸುಲಭವೆಂದು ನಾನು ಹೇಳುತ್ತಿಲ್ಲ. ಬಾಗಿಲಿನ ಸುತ್ತಲ ಸಂದು ಎಲ್ಲೆಡೆ ಒಂದೇ ಸಮನಾಗಿ ಬರುವಂತೆ ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜುವುದು ತಾಳ್ಮೆ ಪರೀಕ್ಷಿಸುವ ಕೆಲಸ, ಅದರ ಧೂಳು ಮಾಸ್ಕ್ ಇಲ್ಲದೆ ಹತ್ತಿರ ಸುಳಿಯುವಂಥದ್ದಲ್ಲ. ಆದರೆ ಬಾಗಿಲಿನ ಸಂದು ಓರೆಯಾದರೆ ನೋಡಿದವರು ನಗಬಹುದು, ಅಷ್ಟೆ.

ಕಾನೂನಿನ ಬಗ್ಗೆ ಲೇಖನದಲ್ಲಿರುವ ಒಂದು ಮಾತನ್ನು ತಿದ್ದುವುದು ಅಗತ್ಯ. ಅಮೆರಿಕದ 2015ರ ಕಾನೂನಿನಿಂದಾಗಿ ಪ್ರತಿಕೃತಿ ಕಾರು ಕಟ್ಟುವವರಿಗೆ ಇನ್ನು ಅಡೆತಡೆಯಿಲ್ಲ ಎಂದು ಲೇಖಕರು ಬರೆದಿದ್ದಾರೆ. ಆ ಕಾನೂನು ಅನ್ವಯಿಸುವುದು ಕನಿಷ್ಠ 25 ವರ್ಷ ಹಳೆಯ ಮಾದರಿಯನ್ನು ಹೋಲುವ ಕಾರುಗಳನ್ನು ಪೂರ್ಣವಾಗಿ ತಯಾರಿಸಿ ಮಾರುವ ಸಣ್ಣ ಕಂಪನಿಗಳಿಗೆ. ಅವು ಅಲ್ಲಿ ವರ್ಷಕ್ಕೆ 325 ಕಾರುಗಳನ್ನು ಮಾತ್ರ ಮಾರಬಹುದು. ಅದನ್ನು ಜಾರಿಗೊಳಿಸುವ ಅಂತಿಮ ನಿಯಮ ಅಧಿಕೃತವಾಗಿ ಪ್ರಕಟವಾದದ್ದು 2022ರಲ್ಲಿ. ಮನೆಯಲ್ಲಿ ಕಟ್ಟುವವರು ಅಲ್ಲಿ ಆಯಾ ರಾಜ್ಯದ ನೋಂದಣಿ ನಿಯಮಗಳನ್ನೇ ಪಾಲಿಸಬೇಕು. ಬ್ರಿಟನ್ನಿನಲ್ಲಿ 2009ರಿಂದ ಜಾರಿಯಲ್ಲಿರುವ, ಒಂದೊಂದು ವಾಹನವನ್ನೂ ಪ್ರತ್ಯೇಕವಾಗಿ ನೋಡಿ ಅನುಮೋದಿಸುವ ಪರೀಕ್ಷೆ ನನಗೆ ಇದಕ್ಕಿಂತ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಅಲ್ಲಿನ ಪರೀಕ್ಷಕರು ಕಾರು ಯಾವ ಮಾದರಿಯನ್ನು ಹೋಲುತ್ತದೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ರೇಕಿನ ಬಲ, ಸೀಟ್ ಬೆಲ್ಟ್ ಬಿಗಿದಿರುವ ಜಾಗದ ಗಟ್ಟಿತನ, ಹೊಗೆ, ಸದ್ದು, ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ, ಪಾದಚಾರಿಗೆ ತಾಗಬಹುದಾದ ಅಂಚುಗಳು ಸಾಕಷ್ಟು ದುಂಡಗಿವೆಯೇ ಎಂಬುದನ್ನೆಲ್ಲ ನೋಡುತ್ತಾರೆ. ಹಳೆಯ ಕಾರಿನ ಶೈಲಿಗೆ ಒಪ್ಪುವ ಚೂಪಾದ ಕನ್ನಡಿಯ ಕಾಲು, ಚಕ್ರದ ನಡುವಿನ ರೆಕ್ಕೆಯಂಥ ನಟ್ಟು ಇಲ್ಲಿ ಅನುತ್ತೀರ್ಣವಾಗುವುದುಂಟು. ಹೋಲಿಕೆ ಮತ್ತು ಸುರಕ್ಷತೆ ಎದುರುಬದುರಾದಾಗ ಯಾವುದು ಬಿಟ್ಟುಕೊಡಬೇಕೆಂದು ಆ ನಿಯಮ ತೀರ್ಮಾನಿಸಿಬಿಟ್ಟಿದೆ; ಹಳೆಯ ಕಾರಿನ ಅಭಿಮಾನಿಗಳು ಎಷ್ಟೇ ಗೊಣಗಿದರೂ ತೀರ್ಮಾನ ಸರಿಯಾಗಿಯೇ ಇದೆ.

ಕಾರಿನ ಗುರುತನ್ನು ಕುರಿತೂ ಲೇಖನ ಮೌನವಾಗಿದೆ. ಮೂಲ ಕೋಬ್ರಾಗಳು ತಯಾರಾದದ್ದು ಸುಮಾರು ಒಂದು ಸಾವಿರ ಮಾತ್ರ. ಪ್ರತಿಕೃತಿಗಳು ಅದರ ಎಷ್ಟೋ ಪಟ್ಟು. ಪ್ರತಿಕೃತಿಯನ್ನು ಪ್ರತಿಕೃತಿಯೆಂದೇ ನೋಂದಾಯಿಸಿ, ಮಾರುವಾಗಲೂ ಹಾಗೆಂದೇ ಬರೆದುಕೊಟ್ಟರೆ ಯಾರಿಗೂ ಮೋಸವಿಲ್ಲ. ಬ್ರಿಟನ್ನಿನಲ್ಲಿ ಮೂಲ ಅಥವಾ ವಯಸ್ಸು ಸ್ಪಷ್ಟವಾಗಿಲ್ಲದ ವಾಹನಕ್ಕೆ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ನಂಬರ್ ಪ್ಲೇಟ್ ಕೊಡುತ್ತಾರೆ. ಅದರಿಂದ ಮಾರಾಟದ ಬೆಲೆ ಇಳಿಯುತ್ತದೆಂದು ತಪ್ಪಿಸಿಕೊಳ್ಳಲು ನೋಡುವವರೂ ಇದ್ದಾರೆ, ಅವರ ಬಗ್ಗೆ ನನಗೆ ಯಾವ ಸಹಾನುಭೂತಿಯೂ ಇಲ್ಲ. ಮೂಲ ತಯಾರಕರ ಹಕ್ಕನ್ನೂ ಕಡೆಗಣಿಸುವಂತಿಲ್ಲ: ತನ್ನ ಕಾರುಗಳನ್ನು ಹೋಲುವ ಕಿಟ್ ಮಾರುತ್ತಿದ್ದವರ ವಿರುದ್ಧ ಫೆರಾರಿ ಕಂಪನಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ 1991ರಲ್ಲಿ ಗೆದ್ದಿತ್ತು.

ಲೇಖನ ಓದಿ ಹುರುಪುಗೊಂಡು, ಹೊಸ ಕಿಟ್‌ಗಿಂತ ಅಗ್ಗವೆಂದು ಬೇರೆಯವರು ಅರ್ಧಕ್ಕೆ ನಿಲ್ಲಿಸಿದ ಕಾರನ್ನು ಕೊಳ್ಳಲು ಹೊರಡುವವರೂ ಇರಬಹುದು. ಅಂಥ ಕಾರುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಅವರು ಹೊಳೆಯುವ ಬಾಡಿಯನ್ನು ನೋಡಿ ಮಾತು ಮುಗಿಸಬಾರದು. ಎಂಜಿನ್ ಮತ್ತು ಆಕ್ಸಲ್ ಯಾವ ಕಾರಿನಿಂದ ಬಂದವು, ಆ ಕಾರಿನ ಕಾಗದಪತ್ರ ಎಲ್ಲಿದೆ, ಚಾಸಿಯ ಮೇಲೆ ನಂಬರ್ ಕೊರೆದಿದೆಯೇ, ಜೋಡಣೆಯ ಹಂತಹಂತದ ಫೋಟೊ ಮತ್ತು ರಸೀದಿಗಳು ಇವೆಯೇ ಎಂದು ಕೇಳಬೇಕು. ಸಸ್ಪೆನ್ಷನ್ನಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ (ನಿಗದಿತ ಬಲದಷ್ಟೇ ಬಿಗಿಯಲು ನೆರವಾಗುವ ಸ್ಪ್ಯಾನರ್) ಬಿಗಿದವರು ಸಾಮಾನ್ಯವಾಗಿ ಪ್ರತಿಯೊಂದರ ತಲೆಯ ಮೇಲೂ ಬಣ್ಣದ ಗೆರೆ ಎಳೆದಿರುತ್ತಾರೆ. ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿ ಅದನ್ನು ನೋಡಬೇಕು. ಗೆರೆ ಇಲ್ಲದಿದ್ದರೆ, ಕೈಬಿಟ್ಟವರು ಯಾರೇ ಆಗಿರಲಿ, ಅಷ್ಟೂ ಬೋಲ್ಟುಗಳನ್ನು ಬಿಚ್ಚಿ ಮತ್ತೆ ಬಿಗಿಯುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಬೇಕು.

ಇಂತಿ,
ತಮ್ಮ ಪತ್ರಿಕೆಯ ಓದುಗ