ಮಕ್ಕಳ ಕೈಗೆ ಚೀಟಿ ಬೇಡ, ಮಾತು ಕೊಡಿ

ಮಾನ್ಯ ಸಂಪಾದಕರೇ,

ಮಕ್ಕಳು ತಮ್ಮ ಅಹವಾಲು ಹೇಳಿಕೊಳ್ಳಲೆಂದು ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಎಷ್ಟೋ ಮಕ್ಕಳು ದೊಡ್ಡವರು ಬರೆದುಕೊಟ್ಟ ಚೀಟಿ ಓದಿ ಕೂರುತ್ತಾರೆ. ವೇದಿಕೆಯಿಂದ ಯಾರಾದರೂ ತಿರುಗಿ ಒಂದು ಪ್ರಶ್ನೆ ಕೇಳಿದರೆ ತಲೆ ತಗ್ಗುತ್ತದೆ. ವಿಷಯ ಅವರಿಗೆ ಗೊತ್ತಿರುತ್ತದೆ. ಎದುರಿನವರ ಮಾತು ಕೇಳಿಸಿಕೊಂಡು, ಅದಕ್ಕೆ ತಕ್ಕ ಹಾಗೆ ಮಾತು ಬೆಳೆಸುವ ರೂಢಿ ಇರುವುದಿಲ್ಲ, ಅಷ್ಟೆ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಾತುಕತೆಗೆ ಹತ್ತು ನಿಮಿಷ ಕೊಟ್ಟರೆ ಈ ರೂಢಿ ಬರುತ್ತದೆ.

‘ಇವತ್ತು ಶಾಲೇಲಿ ಏನು ಮಾಡಿದ್ರಿ?’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಗಟ್ಟಿ. ಎರಡೂ ಕಡೆ ನ್ಯಾಯವಿರುವ ವಿಷಯ ಬೇಕು. ಕಾಫಿ ತೋಟಕ್ಕೆ ನುಗ್ಗುವ ಆನೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಡುವುದು ಸರಿಯೇ? ಮುಳ್ಳಯ್ಯನಗಿರಿಗೆ ದಿನಕ್ಕೆ ಇಂತಿಷ್ಟೇ ವಾಹನ ಬಿಡಬೇಕೇ? ಚಿಕ್ಕವರಿಗಾದರೆ, ನಾಯಿಮರಿ ಮನೆಯೊಳಗೆ ಮಲಗಬಹುದೇ ಎಂಬುದೇ ಸಾಕು. ಅವರಿಗೆ ಐದು ನಿಮಿಷ ಮೀರಿಸಬೇಡಿ.

ಟಿವಿ ಆರಿಸಿ, ಮೊಬೈಲುಗಳನ್ನು ಪಕ್ಕದ ಕೋಣೆಯಲ್ಲಿಡಿ. ಒಬ್ಬೊಬ್ಬರಿಗೂ ಮೂರು ಹುಣಸೆ ಬೀಜ ಕೊಡಿ. ಒಂದು ಸಲ ಮಾತಾಡಿದರೆ ಒಂದು ಬೀಜ ತಟ್ಟೆಗೆ ಬೀಳಬೇಕು. ಬೀಜ ಖಾಲಿಯಾದವರು, ಅಪ್ಪನೇ ಆಗಲಿ ಅಜ್ಜಿಯೇ ಆಗಲಿ, ಉಳಿದವರದು ಮುಗಿಯುವವರೆಗೆ ಕೇಳುತ್ತಾ ಕೂರಬೇಕು. ಚುರುಕಾದ ಅಕ್ಕನ ಮುಂದೆ ಬಾಯಿ ಬಿಡದ ತಮ್ಮನಿಗೂ ಹೀಗೆ ಸರದಿ ಸಿಗುತ್ತದೆ. ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ: ತನ್ನ ಮಾತು ಶುರು ಮಾಡುವ ಮೊದಲು, ಹಿಂದಿನವರು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಅವರು ‘ಹೌದು, ಅದೇ’ ಎಂದರೆ ಮುಂದಕ್ಕೆ. ಮೊದಮೊದಲು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ‘ನಿನ್ನ ಮಾತಲ್ಲಿ ಹೇಳು ಪುಟ್ಟ’ ಎಂದರೆ ನಾಲ್ಕಾರು ದಿನದಲ್ಲಿ ಸರಿಹೋಗುತ್ತದೆ.

ಆಟ ಕೆಡುವುದು ಹೆಚ್ಚಾಗಿ ನಮ್ಮ ಅವಸರದಿಂದ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಮಾತುಕತೆ ಧ್ವನಿಮುದ್ರಿಸಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದು 3 ಸೆಕೆಂಡಿಗೆ ಏರಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವವರು ಕಡಿಮೆಯಾದರು. ಮಗು ಮಾತು ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಕಾಯಿರಿ, ಒಳ್ಳೆಯ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿಕೊಳ್ಳಿ. ನಡುವೆ ಬಾಯಿ ಹಾಕಿ ಉಚ್ಚಾರ ತಿದ್ದಬೇಡಿ. ತಿದ್ದಿದ ಕೂಡಲೇ ಮಗುವಿನ ಗಮನ ವಿಷಯ ಬಿಟ್ಟು ತಪ್ಪಿನ ಕಡೆ ಹೋಗುತ್ತದೆ. ಇಂಗ್ಲಿಷ್ ಕಲಿಯಲಿ ಎಂದು ಈ ಹತ್ತು ನಿಮಿಷವನ್ನೂ ಇಂಗ್ಲಿಷಿಗೆ ಕೊಡಬೇಡಿ. ಕನ್ನಡ, ತುಳು, ಉರ್ದು, ತಮಿಳು, ಮನೆಯಲ್ಲಿ ಯಾವುದಿದೆಯೋ ಅದರಲ್ಲೇ ವಾದ ಬೆಳೆಯಲಿ.

ಹಿಂದಿನಿಂದ ಕರೆದರೆ ತಿರುಗದ, ಟಿವಿ ಸದ್ದು ಏರಿಸುವ, ‘ಹಾಂ? ಏನು?’ ಎಂದು ಮತ್ತೆ ಮತ್ತೆ ಕೇಳುವ ಮಗುವನ್ನು ಮಾತ್ರ ಗಮನವಿಲ್ಲವೆಂದು ಬೈಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ನೆಗಡಿ ಬಿಡದೆ ಕಾಡಿದರೆ ಮಧ್ಯಕಿವಿಯಲ್ಲಿ ನೀರು ತುಂಬಿ ಕೇಳುವುದು ಮಂದವಾಗುವುದುಂಟು. ಹೆಚ್ಚಾಗಿ ನೋವೂ ಇರುವುದಿಲ್ಲವಾದ್ದರಿಂದ ಬೇಗ ಯಾರಿಗೂ ತಿಳಿಯುವುದಿಲ್ಲ. ಮೊದಲು ಕಿವಿ ತೋರಿಸಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ನಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ.

ಪಂಚಾಯಿತಿಗಳಲ್ಲಿ ನಮ್ಮ ಒಂದು ಕೋರಿಕೆ: ಮಕ್ಕಳ ಗ್ರಾಮಸಭೆಯ ವಿಷಯಗಳನ್ನು ಹದಿನೈದು ದಿನ ಮುಂಚೆಯೇ ಶಾಲೆಗಳ ಮೂಲಕ ಮನೆಮನೆಗೆ ತಿಳಿಸಿ. ಸಭೆಯಲ್ಲಿ ಚೀಟಿ ಓದಿಸುವುದನ್ನು ಈ ವರ್ಷವೇ ನಿಲ್ಲಿಸಿ.

– ಕೆಲವು ಶಿಕ್ಷಕರು ಮತ್ತು ಪೋಷಕರು, ಸಕಲೇಶಪುರ, ಹಾಸನ ಜಿಲ್ಲೆ